ರೋಮನ್ ನಾಣ್ಯ ಸಿಕ್ಕರೆ ಕೋಟಿ ಬಂದೀತೇ?

ಗೋವಾದ ಝುವಾರಿನಗರದಲ್ಲಿ ಉತ್ತರ ಕರ್ನಾಟಕದಿಂದ ಬಂದು ನೆಲೆ ನಿಂತ ಕನ್ನಡ ಕುಟುಂಬಗಳು ಬಹಳ. ಪಾಯ ತೋಡುವವರು, ಗಾರೆ ಕೆಲಸದವರು ಅವರಲ್ಲಿ ಎಷ್ಟೋ ಮಂದಿ. ನೆಲ ಅಗೆಯುವವರ ನಡುವೆ ಹಳೇ ನಾಣ್ಯದ ಮಾತು ಬೇಗ ಹಬ್ಬುತ್ತದೆ: ರೋಮನ್ ನಾಣ್ಯ ಒಂದು ಸಿಕ್ಕರೂ ಕೋಟಿ ರೂಪಾಯಿ ಎಂದು. ಈ ಮಾತಿನ ಬೆನ್ನು ಹತ್ತಿ ದುಡಿದ ಹಣ ಕಳೆದುಕೊಳ್ಳುವವರಿದ್ದಾರೆ. ಅದಕ್ಕೇ ನಿಜ ಏನೆಂದು ಬಿಡಿಸಿ ಹೇಳಬೇಕು.

ರೋಮನ್ ನಾಣ್ಯ ನಮ್ಮ ಕಡೆ ಅಪರೂಪ ಎಂಬುದೇ ಮೊದಲ ತಪ್ಪು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಹಳಿಗಾಗಿ ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೂ 256 ಸಿಕ್ಕವು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಚಿನ್ನದ ನಾಣ್ಯಗಳೇ ಇದ್ದವು.

ದಕ್ಷಿಣ ಭಾರತದಲ್ಲಿ ಸಿಗುವ ‘ದಿನಾರಿಯಸ್’ ಎಂಬ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವು ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳವು. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ನಾಣ್ಯದ ತೂಕ, ಬೆಳ್ಳಿ ಎರಡನ್ನೂ ತಗ್ಗಿಸಿದ. ನಮ್ಮ ವ್ಯಾಪಾರಿಗಳು ರಾಜನ ಮುಖಕ್ಕೆ ಮರುಳಾಗದೆ ಬೆಳ್ಳಿ ನೋಡಿ ಹಳೆಯದನ್ನೇ ಮೆಚ್ಚಿದರು ಎಂದು ವಿದ್ವಾಂಸರು ಕಾರಣ ಕೊಡುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಹಳೆಯದೆಲ್ಲ ದುಬಾರಿ ಎಂಬುದೂ ಸುಳ್ಳು. ನಾಲ್ಕನೇ ಶತಮಾನದ ರೋಮನ್ ತಾಮ್ರದ ಚಿಕ್ಕ ನಾಣ್ಯಗಳು ಲೋಕದಲ್ಲಿ ರಾಶಿರಾಶಿಯಾಗಿ ಉಳಿದಿವೆ. ಬೆಲೆ ನಿಲ್ಲುವುದು ವಿರಳತೆ, ಅಚ್ಚಿನ ಸ್ಪಷ್ಟತೆ, ಅಸಲಿತನದ ಮೇಲೆ. ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಶತಮಾನಗಳಿಂದ ಕೂತ ಹಸಿರು ಪದರ ಹೋದರೆ ಅಕ್ಷರವೂ ಸವೆಯುತ್ತದೆ.

ರೋಮನ್ ಚಕ್ರವರ್ತಿಯ ಮುಖವಿದ್ದದ್ದೆಲ್ಲ ರೋಮಿನದಲ್ಲ. ಹದಿನಾರನೇ ಶತಮಾನದಲ್ಲಿ ಇಟಲಿಯ ಪಡುವಾದ ಜೊವಾನ್ನಿ ದ ಕವೀನೋ ರೋಮನ್ ನಾಣ್ಯಗಳ ಮಾದರಿಯಲ್ಲಿ ಸೊಗಸಾದ ಪದಕಗಳನ್ನು ಮಾಡಿದ. ಆಮೇಲಿನವರು ಎಷ್ಟೋ ಸಲ ಅವನ್ನು ಪ್ರಾಚೀನವೆಂದೇ ನಂಬಿದರು. ಇಂದು ಅವು ಪದಕಗಳಾಗಿಯೇ ಸಂಗ್ರಹಕ್ಕೆ ಯೋಗ್ಯ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ರಾಮ ಅಥವಾ ಹನುಮಂತನ ಚಿತ್ರ ಇರುವ ‘ಅರ್ಧ ಆಣೆ’ಗೆ ಆ ಮರ್ಯಾದೆಯೂ ಇಲ್ಲ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಲೇ ಇಲ್ಲ. ಇಂಥ ನಾಣ್ಯ ಅಕ್ಕಿಯನ್ನು ತನ್ನತ್ತ ಎಳೆಯುತ್ತದೆ ಎಂದು ವಂಚಕರು ತೋರಿಸುತ್ತಾರೆ, ಆದರೆ ಅಕ್ಕಿ ಎಳೆಯುವ ಶಕ್ತಿ ಯಾವ ನಾಣ್ಯಕ್ಕೂ ಇಲ್ಲ. ಅಕ್ಕಿಯಲ್ಲಿ ಕಬ್ಬಿಣದ ಚೂರು, ಎಲ್ಲೋ ಒಂದು ಅಯಸ್ಕಾಂತ, ಅಷ್ಟೇ. ಹಳೇ ನಾಣ್ಯ ಮಾರಿಸಿಕೊಡುತ್ತೇವೆಂದು ತನ್ನ ಹೆಸರಲ್ಲಿ ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ಅದು ಅಂಥ ವ್ಯವಹಾರ ಮಾಡುವುದೇ ಇಲ್ಲ.

ನೆಲದಲ್ಲಿ ಸಿಕ್ಕಿದ್ದು ಸಿಕ್ಕವನದೇ ಎಂಬ ಮಾತು ಎಲ್ಲಕ್ಕಿಂತ ಅಪಾಯದ್ದು. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ತಿಳಿಸಿದವರಿಗೆ ಕಾನೂನಿನಲ್ಲಿ ಹಕ್ಕುಂಟು, ಮುಚ್ಚಿಟ್ಟವರಿಗೆ ಶಿಕ್ಷೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ: ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು.

ಸಿಕ್ಕ ಜಾಗ, ಆಳ, ಜೊತೆಗಿದ್ದ ಮಡಕೆ ಚೂರು ಇವನ್ನೂ ಹಾಗೇ ಉಳಿಸಬೇಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವೀಲರ್‌ಗೆ ಅಲ್ಲಿನ ಮಣ್ಣಿನ ಪದರಗಳ ಕಾಲ ನಿರ್ಣಯಿಸಲು ರೋಮನ್ ನಾಣ್ಯ ನೆರವಾಯಿತು. ಪದರದಿಂದ ಕಿತ್ತು ಜೇಬಿಗಿಳಿಸಿದ್ದರೆ ಆ ಸಾಕ್ಷ್ಯ ಸಿಗುತ್ತಲೇ ಇರಲಿಲ್ಲ.