ಮಂಡಿಯೊಳಗೊಂದು ನಾಟಿ

ಮಟನ್ ಅಂಗಡಿಯಲ್ಲಿ ತೊಡೆಮೂಳೆಯ ತುದಿಯನ್ನು ಗಮನಿಸಿದವರಿಗೆ ಗೊತ್ತಿರುತ್ತದೆ: ಹಾಲಿಗೆ ತುಸು ನೀಲಿ ಬೆರೆತಂಥ ಬಣ್ಣದ, ಬೆರಳಿಟ್ಟರೆ ಜಾರುವ ಪದರ. ಅದೇ ಮೃದ್ವಸ್ಥಿ, ಡಾಕ್ಟರ ಬಾಯಲ್ಲಿ ಕಾರ್ಟಿಲೇಜ್. ನಮ್ಮ ಮಂಡಿಯಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್. ರಕ್ತನಾಳವಿಲ್ಲದ ಕಾರಣ ಅದು ಚರ್ಮದ ಗಾಯದಂತೆ ಮಾಯುವುದಿಲ್ಲ. ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಇದು ಮತ್ತೆ ಬೆಳೆಯದೆಂದು ಬರೆದಿದ್ದರು.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಲಾರ್ಸ್ ಪೀಟರ್ಸನ್ ಮತ್ತು ಜೊತೆಗಾರರು 1987ರಲ್ಲಿ ಬೇರೆ ದಾರಿ ಹಿಡಿದರು. ಮಂಡಿಯಲ್ಲಿ ಭಾರ ಬೀಳದ ಕಡೆಯಿಂದ 200–300 ಮಿಲಿಗ್ರಾಂ ಮೃದ್ವಸ್ಥಿ ತೆಗೆಯುವುದು, ಪ್ರಯೋಗಾಲಯದಲ್ಲಿ ಕೆಲವು ವಾರ ಅದರ ಜೀವಕೋಶಗಳನ್ನು ಹೆಚ್ಚಿಸುವುದು, ಇನ್ನೊಂದು ಆಪರೇಷನ್‌ನಲ್ಲಿ ಮೃದ್ವಸ್ಥಿ ಕಿತ್ತುಹೋಗಿ ಆದ ಹಳ್ಳದೊಳಗೆ ಅವನ್ನು ಕೂರಿಸುವುದು. ಸಸಿಮಡಿಯಲ್ಲಿ ಪೈರು ಎಬ್ಬಿಸಿ ಗದ್ದೆಗೆ ನಾಟಿ ಹಾಕುವ ಕೆಲಸವೇ.

ಪೈರು ಎಷ್ಟೇ ಚೆನ್ನಾಗಿದ್ದರೂ ಗದ್ದೆ ನೋಡಬೇಕಲ್ಲ. 1994ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 23 ರೋಗಿಗಳಿದ್ದರು. ತೊಡೆಮೂಳೆಯ ತುದಿಯಲ್ಲಿ ಹಳ್ಳವಿದ್ದ 16 ಮಂದಿಯಲ್ಲಿ 14 ಜನರಿಗೆ ಒಳ್ಳೆಯ ಫಲ ಸಿಕ್ಕಿತು. ಮಂಡಿಚಿಪ್ಪಿನ ಹಿಂಬದಿಯಲ್ಲಿ ಹಳ್ಳವಿದ್ದ 7 ಮಂದಿಯಲ್ಲಿ ಬರೀ ಇಬ್ಬರಿಗೆ. ಆ ಬಳಿಕ ವಿಧಾನ ಸುಧಾರಿಸಿದೆ, ನಿಜ. ಆದರೂ ‘ನನ್ನ ಹಳ್ಳ ಎಲ್ಲಿದೆ, ಎಷ್ಟಗಲ?’ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ (2017) ಎರಡು ಚದರ ಸೆಂಟಿಮೀಟರಿಗಿಂತ ದೊಡ್ಡದಾದ ಹಳ್ಳಕ್ಕೆ ಮಾತ್ರ, ಅದೂ ಸಂಧಿವಾತದ ಸವೆತ ತೀರಾ ಕಡಿಮೆ ಇದ್ದರೆ ಮಾತ್ರ ಇದನ್ನು ಒಪ್ಪುತ್ತದೆ. ಮೂಳೆಯಲ್ಲಿ ಸಣ್ಣ ತೂತು ಕೊರೆಯುವ ಅಗ್ಗದ ವಿಧಾನದ ಜೊತೆ ನಾರ್ವೆಯಲ್ಲಿ 80 ರೋಗಿಗಳ ಮೇಲೆ ಹೋಲಿಸಿ ನೋಡಿದಾಗ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ ಎಂಬುದೂ ನೆನಪಿರಲಿ.

ವಯಸ್ಸಾಗಿ ಇಡೀ ಮಂಡಿ ಸವೆದವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಹಳ್ಳದ ಸುತ್ತ ಗಟ್ಟಿ ಮೃದ್ವಸ್ಥಿಯ ಬದು ಬೇಕು. ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದರೆ ಮಂಡಿಯ ಒಳಬದಿಗೇ ಭಾರವೆಲ್ಲ ಬಿದ್ದು ಹೊಸ ಕೋಶಗಳು ನಲುಗುತ್ತವೆ. ಮೊದಲು ಅಥವಾ ಜೊತೆಯಲ್ಲೇ ಮೂಳೆ ನೇರ ಮಾಡಬೇಕಾಗುತ್ತದೆ. ಲಿಗಮೆಂಟ್ ಹರಿದಿದ್ದರೂ ಅಷ್ಟೆ. ಇದನ್ನೆಲ್ಲ ನೋಡದೆ ಬರೀ ಕೋಶಗಳ ಗುಣಗಾನ ಮಾಡುವ ಡಾಕ್ಟರ ಬಳಿಯಿಂದ ಎದ್ದು ಬಂದು ಇನ್ನೊಬ್ಬರನ್ನು ಕೇಳುವುದು ಮೇಲು. ‘ಸ್ಟೆಮ್ ಸೆಲ್ ಇಂಜೆಕ್ಷನ್’ ಎಂದು ಒಂದೇ ಚುಚ್ಚಿನಲ್ಲಿ ಮುಗಿಸುವುದು ಈ ಚಿಕಿತ್ಸೆಯೇ ಅಲ್ಲ.

ಕೋಶಗಳನ್ನು ಹಿಡಿದಿಡುವ ಪೊರೆಯನ್ನು ಕೆಲವೆಡೆ ಹಂದಿಯ ಕೊಲಾಜನ್‌ನಿಂದ ಮಾಡಿರುತ್ತಾರೆ. ಅಲರ್ಜಿ ಇದ್ದವರೂ ಬೇಡವೆನ್ನುವವರೂ ಮುಂಚೆಯೇ ವಿಚಾರಿಸಬೇಕು.

ಆಪರೇಷನ್ ಆದ ಮೇಲಿನದು ಕಾಯುವ ಕೆಲಸ. ಮೊದಲ ಆರೆಂಟು ವಾರ ಊರುಗೋಲು, ತಿಂಗಳುಗಟ್ಟಲೆ ಫಿಸಿಯೋಥೆರಪಿ, ಆಟದ ಮೈದಾನಕ್ಕೆ ಮರಳಲು ವರ್ಷವೋ ಅದಕ್ಕೂ ಹೆಚ್ಚೋ. ಚಕ್ಕಲಮಕ್ಕಲ ಹಾಕಿ ಊಟಕ್ಕೆ ಕೂರುವುದು ಸದ್ಯಕ್ಕಿಲ್ಲ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಒಂದೇ ಇದ್ದರೆ ಆಪರೇಷನ್‌ಗೆ ಮುಂಚೆಯೇ ಕಮೋಡ್ ಕುರ್ಚಿ ತಂದಿಡಿ.