ಕುದುರೆ ಪಳಗಿಸುವ ಕೆಲಸ

"ಮೇಷ್ಟ್ರೇ, ನನ್ನ ಮಗ ಕುದುರೆ ಕೆಲಸಕ್ಕೆ ಹೋಗ್ತೀನಿ ಅಂತ ಹಟ ಹಿಡಿದವ್ನೆ. ಅದೂ ಒಂದು ಉದ್ಯೋಗವಾ? ಹೊಟ್ಟೆ ತುಂಬುತ್ತಾ?"

ನಂಜನಗೂಡಿನ ಕಡೆಯ ಒಬ್ಬ ತಾಯಿ ಕಲಿಕಾ ಕೇಂದ್ರದಲ್ಲಿ ಹೀಗೆ ಕೇಳಿದರು. ಅವರ ಮಗ ದಸರಾಗೆ ಮೈಸೂರಿಗೆ ಹೋಗಿದ್ದ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿ ಬಂದಿದ್ದ. ಅಲ್ಲಿ ಕುದುರೆ ನಾಗಾಲೋಟದಲ್ಲಿ ಬರುತ್ತೆ. ಸವಾರ ಪಕ್ಕಕ್ಕೆ ಬಗ್ಗುತ್ತಾನೆ. ನೆಲದಲ್ಲಿ ನೆಟ್ಟ ಗೂಟವನ್ನು ಈಟಿಯ ಮೊನೆಯಿಂದ ಕಿತ್ತುಕೊಂಡು ಹೋಗುತ್ತಾನೆ. ಇದಕ್ಕೆ ಟೆಂಟ್ ಪೆಗ್ಗಿಂಗ್ ಅಂತಾರೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತೆ. ಹುಡುಗ ಕಂಡದ್ದು ಇಷ್ಟು. ಅದರ ಹಿಂದಿನ ಕೆಲಸ ಅವನಿಗೆ ಕಂಡಿಲ್ಲ.

ಆ ಸವಾರರು ಪೊಲೀಸರು. ಮೈಸೂರಿನ ಅಶ್ವಾರೋಹಿ ದಳದವರು. ಅಶ್ವ ಅಂದರೆ ಕುದುರೆ. ಅಶ್ವಾರೋಹಿ ಅಂದರೆ ಕುದುರೆ ಏರಿದವನು. ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮಹಾರಾಜರ ಕಾಲದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ ಇತ್ತು. 1918ರ ಸೆಪ್ಟೆಂಬರ್ 23ರಂದು ಈ ಪಡೆ ಜೋಧಪುರದ ಪಡೆಯ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದಿತು. ಆ ಊರು ಈಗ ಇಸ್ರೇಲ್ ದೇಶದಲ್ಲಿದೆ. ಎದುರಿಗೆ ಫಿರಂಗಿ, ಮೆಷಿನ್ ಗನ್. ನಮ್ಮವರ ಕೈಯಲ್ಲಿ ಈಟಿ, ಕತ್ತಿ. ಕುದುರೆಗಳು ಬೆದರಿ ಹಿಂದಕ್ಕೆ ತಿರುಗಿದ್ದರೆ?

ಕುದುರೆ ಹುಟ್ಟಿನಿಂದಲೇ ಅಂಜುಬುರುಕ ಪ್ರಾಣಿ. ಎತ್ತಿಗೆ ಕೊಂಬಿದೆ. ಕುದುರೆಗೆ ಕಾಲೇ ಗತಿ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲೂ ಕಾಣುತ್ತೆ. ಆದರೆ ಬಾಲದ ನೇರ ಹಿಂದೆ, ಹಣೆಯ ನೇರ ಮುಂದೆ ಒಂದಿಷ್ಟು ಜಾಗ ಕಾಣೋದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಹೋದರೆ ಒದೆ ಬೀಳುತ್ತೆ. ಮಾತಾಡಿಸುತ್ತಾ ಭುಜದ ಕಡೆಯಿಂದ ಹೋಗಬೇಕು.

ತಿ. ನರಸೀಪುರದ ಹತ್ತಿರ ಮುಡುಕುತೊರೆ ಜಾತ್ರೆಯಲ್ಲಿ ನೀವು ದನ ಕೊಂಡಿರುತ್ತೀರಿ. ಹೋರಿಗೆ ಮೊದಲ ದಿನವೇ ನೊಗ ಹೂಡಿ ಉಳ್ತೀರಾ? ಇಲ್ಲ ತಾನೇ? ಕುದುರೆಗೂ ಹಾಗೆಯೇ. ಮೊದಲು ಅದು ಮೈ ಮುಟ್ಟಿಸಿಕೊಳ್ಳಬೇಕು. ಕಾಲೆತ್ತಿ ಗೊರಸು ತೋರಿಸಬೇಕು. ಆಮೇಲೆ ಉದ್ದ ಹಗ್ಗ ಕಟ್ಟಿ ಸುತ್ತು ಓಡಿಸ್ತಾರೆ. ನಡಿ, ಓಡು, ನಿಲ್ಲು ಅಂತ ದನಿಯಿಂದಲೇ ಕಲಿಸ್ತಾರೆ. ಬಾಯಿಗೆ ಕಡಿವಾಣ, ಬೆನ್ನಿಗೆ ಜೀನು. ಮನುಷ್ಯ ಹತ್ತೋದು ಕೊನೆಗೆ. ಹೇಳಿದ ಹಾಗೆ ಕೇಳಿದ ತಕ್ಷಣ ಲಗಾಮು ಸಡಿಲ ಬಿಡಬೇಕು. ಆ ಸಡಿಲವೇ ಕುದುರೆಗೆ ಬಹುಮಾನ. ತಡ ಮಾಡಿದರೆ ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯೋದಿಲ್ಲ. ಹೊಡೆದು ಕಲಿಸುವವನು ಒಂದೇ ಪಾಠ ಕಲಿಸ್ತಾನೆ: ಮನುಷ್ಯನನ್ನು ಕಂಡರೆ ಓಡು. (ಶಾಲೆ ಮಕ್ಕಳಿಗೂ ಈ ಮಾತು ಸಲ್ಲುತ್ತೆ. ನಮ್ಮ ಮೇಷ್ಟ್ರುಗಳು ಕೋಪ ಮಾಡಿಕೊಳ್ಳಬಾರದು.)

ಸದ್ದಿನ ಭಯ ಬಿಡಿಸೋದು ಇನ್ನೂ ಕಷ್ಟ. ವಿಜಯದಶಮಿಯ ದಿನ 21 ಕುಶಾಲತೋಪು ಹಾರಿಸ್ತಾರೆ. ಅದಕ್ಕೆ ಮುಂಚೆಯೇ ಆನೆ, ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಫಿರಂಗಿ ತಾಲೀಮು ಮಾಡಿಸ್ತಾರೆ. ಮೊದಲ ಸದ್ದಿಗೆ ಬೆಚ್ಚುವ ಕುದುರೆ ಉಂಟು. ಸವಾರ ಕತ್ತು ಸವರಿ ಸಮಾಧಾನ ಮಾಡಬೇಕು. ಅವನೇ ಬೆಚ್ಚಿದರೆ ಕುದುರೆಗೆ ಗೊತ್ತಾಗಿಬಿಡುತ್ತೆ.

ಇನ್ನು ಲಾಯದ ಕೆಲಸ. ಬೆಳಕು ಹರಿಯುವ ಮುಂಚೆ ಏಳಬೇಕು. ಲದ್ದಿ ಬಾಚಬೇಕು, ಮೈ ಉಜ್ಜಬೇಕು. ಒಂದು ಕುದುರೆ ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯುತ್ತೆ. ಹುಲ್ಲು, ಹುರುಳಿಯನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಕುದುರೆಗೆ ವಾಂತಿ ಮಾಡೋಕೆ ಬರೋದಿಲ್ಲ. ತಿಂದದ್ದು ಕೆಟ್ಟರೆ ಹೊಟ್ಟೆನೋವಿನಿಂದ ಹೊರಳಾಡುತ್ತೆ. ಸತ್ತೇ ಹೋಗಬಹುದು. ಎಷ್ಟು ತಿಂದಿತು, ಲದ್ದಿ ಹಾಕಿತಾ, ಲಾಳ ಯಾವತ್ತು ಕಟ್ಟಿದ್ದು ಎಲ್ಲ ಬರೆದಿಡಬೇಕು. ಓದು ಬರಹ ಬಾರದವನು ಇಲ್ಲಿ ಹಿಂದೆ ಬೀಳ್ತಾನೆ.

ಕೆಲಸ ಎಲ್ಲಿ ಸಿಗುತ್ತೆ? ಪೊಲೀಸ್ ದಳಕ್ಕೆ ಪೇದೆ ಹುದ್ದೆಯ ಪ್ರಕಟಣೆ ಬಂದಾಗ ಅರ್ಜಿ ಹಾಕಬೇಕು. ಹತ್ತನೇ ತರಗತಿಯಾದರೂ ಪಾಸಾಗಿರಬೇಕು. ರೇಸ್ ಕುದುರೆಗಳ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು ಬೇಕು. ಜಾಕಿ ಆಗೋನು ಸುಮಾರು 50 ಕಿಲೋ ತೂಕದವನಿರಬೇಕು. ದಪ್ಪಗಾದರೆ ಕೆಲಸ ಹೋಯಿತು. ಊರೂರಲ್ಲಿ ಸವಾರಿ ಶಾಲೆಗಳೂ ಆಗ್ತಿವೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಪದಕ ಗೆದ್ದರು. ಅವರ ತಂದೆ ಕುದುರೆ ವೈದ್ಯರು. ಆ ದಾರಿಗೆ ದುಡ್ಡು ಬಹಳ ಬೇಕು, ಸುಳ್ಳು ಹೇಳಬಾರದು. ನಮ್ಮ ಹಳ್ಳಿ ಹುಡುಗರಿಗೆ ಬಾಗಿಲು ತೆರೆಯೋದು ಲಾಯದ ಕಡೆಯಿಂದ.

"ಬಿದ್ರೆ?" ಅಂತ ತಾಯಿ ಕೇಳಿದರು.

"ಬೀಳ್ತಾನಮ್ಮ. ಬೀಳದೆ ಯಾರೂ ಕಲಿತಿಲ್ಲ. ತಲೆಗೆ ಹೆಲ್ಮೆಟ್ ಇಲ್ಲದೆ ಹತ್ತಬಾರದು. ಖಾಸಗಿ ಲಾಯಕ್ಕೆ ಸೇರೋದಾದ್ರೆ, ಪೆಟ್ಟಾದಾಗ ಆಸ್ಪತ್ರೆ ಖರ್ಚು ಯಾರದು ಅಂತ ಮೊದಲೇ ಕಾಗದದಲ್ಲಿ ಬರೆಸ್ಕೋಬೇಕು. ಓದಿ ನೋಡಿ ಸಹಿ ಹಾಕಲಿ. ಮೊದಲ ವರ್ಷ ಮಾತ್ರ ಸವಾರಿ ಕಮ್ಮಿ, ಲದ್ದಿ ಬಾಚೋದೇ ಜಾಸ್ತಿ."

ತಾಯಿ ನಕ್ಕುಬಿಟ್ಟರು. "ಲದ್ದಿ ಬಾಚ್ತಾನಾ ಅವ್ನು? ಮನೇಲಿ ಸಗಣಿ ಎತ್ತು ಅಂದ್ರೆ ಹಿತ್ತಲಿಂದ ಓಡಿಹೋಗ್ತಾನೆ. ನಾಳೆ ಕರ್ಕೊಂಡು ಬತ್ತೀನಿ, ನೀವೇ ಹೇಳಿ ಮೇಷ್ಟ್ರೇ."