ಮೂಗಿನ ನಳಿಕೆಯಲ್ಲಿ ಇಳಿಯುವ ಸಿರಪ್

ನುಂಗಲಾಗದ ರೋಗಿಗೆ ಮೂಗಿನಿಂದ ಜಠರಕ್ಕಿಳಿಯುವ ನಳಿಕೆ, ಅಂದರೆ ರೈಲ್ಸ್ ಟ್ಯೂಬ್, ಹಾಕಿದ ಮೇಲೆ ಮಾತ್ರೆಗಿಂತ ಸಿರಪ್ ಸುರಕ್ಷಿತ ಎಂಬ ನಂಬಿಕೆ ವಾರ್ಡುಗಳಲ್ಲಿ ಗಟ್ಟಿಯಾಗಿದೆ. ಅರೆದ ಮಾತ್ರೆ ನಳಿಕೆಯಲ್ಲಿ ಕಟ್ಟಿಕೊಳ್ಳುತ್ತದೆ, ನಿಜ. ಸಿದ್ಧ ಸಿರಪ್ ಇಲ್ಲದಿದ್ದರೆ ಆಸ್ಪತ್ರೆಯ ಔಷಧಾಲಯದಲ್ಲೇ ಪುಡಿಮಾಡಿ ಕಲಸಿಕೊಡುವುದೂ ಉಂಟು. ಆ ದ್ರವದಲ್ಲಿ ಔಷಧದ ಜೊತೆ ಇನ್ನೇನಿದೆ ಎಂದು ಕೇಳುವವರು ಮಾತ್ರ ಕಡಿಮೆ.

ಮೊದಲು ನೀರು. 2016ರಲ್ಲಿ ಅಮೆರಿಕದ ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ಬರ್ಖೋಲ್ಡೇರಿಯಾ ಸೆಪೇಸಿಯಾ ಬ್ಯಾಕ್ಟೀರಿಯಾದ ಸೋಂಕು ಹಬ್ಬಿತು. ಅದಕ್ಕೆ ತುತ್ತಾದವರಲ್ಲಿ ವೆಂಟಿಲೇಟರ್ ಮೇಲಿದ್ದವರೇ ಹೆಚ್ಚು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಮಲಬದ್ಧತೆಗೆ ಕೊಡುವ ಡಾಕ್ಯುಸೇಟ್ ದ್ರಾವಣ. ಅದನ್ನು ತಯಾರಿಸಿದ ಫ್ಲಾರಿಡಾದ ಘಟಕದ ನೀರಿನ ವ್ಯವಸ್ಥೆಯಲ್ಲೇ ಆ ಜೀವಿ ಮನೆಮಾಡಿತ್ತು. ಕಾರ್ಖಾನೆಯ ಗತಿಯೇ ಹೀಗಾದರೆ, ವಾರ್ಡಿನ ನಲ್ಲಿ ನೀರಲ್ಲಿ ಕಲಸಿ ಬಾಟಲಿಗೆ ತುಂಬಿಟ್ಟದ್ದರ ಪಾಡೇನು? ಸಂರಕ್ಷಕವಿಲ್ಲದ ಇಂಥ ದ್ರಾವಣಕ್ಕೆ ಅಮೆರಿಕದ ಔಷಧ ಮಾನಕ ಕೊಡುವ ಸಾಮಾನ್ಯ ಗಡುವು, ಫ್ರಿಜ್ಜಿನಲ್ಲಿಟ್ಟರೂ, 14 ದಿನ.

ಇನ್ನು ಸಿಹಿಗಾಗಿ ಹಾಕುವ ಸೋರ್ಬಿಟಾಲ್. ಮೂರ್ನಾಲ್ಕು ಸಿರಪ್‌ಗಳದ್ದು ಸೇರಿದರೆ ಅದೇ ಭೇದಿ ಮಾಡಿಸುವ ಮದ್ದಾಗುತ್ತದೆ. 1990ರ ಒಂದು ಅಮೆರಿಕನ್ ಅಧ್ಯಯನ ನಳಿಕೆಯಲ್ಲಿ ಆಹಾರ ಪಡೆಯುವವರ ಭೇದಿಯ ಮೂಲ ಹುಡುಕಿತು. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಸೋರ್ಬಿಟಾಲ್ ಇದ್ದ ಔಷಧಗಳೇ ಕಾರಣ. ಆಹಾರ ಕಾರಣವಾಗಿದ್ದು ಐದರಲ್ಲೊಂದರಷ್ಟು. ಆದರೂ ಭೇದಿ ಶುರುವಾದ ಕೂಡಲೇ ನಿಲ್ಲುವುದು ಆಹಾರ! ಔಷಧದ ಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ನಳಿಕೆಯ ತುದಿ ಜಠರ ದಾಟಿ ಸಣ್ಣಕರುಳಿನಲ್ಲಿದ್ದರೆ ಕಷ್ಟ ಇನ್ನೂ ಹೆಚ್ಚು, ಗಟ್ಟಿ ದ್ರಾವಣವನ್ನು ತೆಳುಮಾಡುವ ಜಠರದ ರಸ ಅಲ್ಲಿಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಫಿಟ್ಸ್‌ಗೆ ಕೊಡುವ ಫೆನಿಟಾಯಿನ್. ಬಾಟಲಿಯನ್ನು ಚೆನ್ನಾಗಿ ಕುಲುಕದಿದ್ದರೆ ಮೊದಮೊದಲ ಡೋಸುಗಳು ಸಪ್ಪೆ, ತಳದವು ವಿಪರೀತ. ನಳಿಕೆಯ ಆಹಾರದ ಜೊತೆಗೆ ಹೋದರೆ ರಕ್ತದಲ್ಲಿ ಅದರ ಮಟ್ಟ ತೀರಾ ಕುಸಿಯುತ್ತದೆಂದು 1982ರಲ್ಲೇ ವರದಿಯಾಗಿದೆ. ಅದಕ್ಕೇ ಡೋಸಿಗೆ ಮುಂಚೆ, ಆಮೇಲೆ ಒಂದೆರಡು ಗಂಟೆ ಆಹಾರ ನಿಲ್ಲಿಸುವ ಪದ್ಧತಿ. ಇದನ್ನು ಬಿಟ್ಟು ಡೋಸನ್ನೇ ಏರಿಸಿದರೆ, ನಳಿಕೆ ತೆಗೆದು ಗಂಜಿ ಶುರುವಾದಾಗ ಔಷಧ ಪೂರ್ತಿ ರಕ್ತಕ್ಕೆ ಸೇರುತ್ತದೆ. ಆಗ ರಕ್ತಪರೀಕ್ಷೆ ಆಗದೇ ಹೋದರೆ, ತೂರಾಡುತ್ತ, ತೊದಲುತ್ತ ಆಸ್ಪತ್ರೆಗೆ ಮರಳಿದವರಿಗೆ ಸ್ಟ್ರೋಕ್ ಆಗಿದೆಯೆಂದು ಸ್ಕ್ಯಾನಿಗೆ ಕಳಿಸಿಬಿಡಬಹುದು, ವಿಷವೇರಿದ ಅದೇ ಡೋಸ್ ಮುಂದುವರಿಸುತ್ತಲೇ.